ತೆತ್ರಾ ಕಟ್ಟಡದ ಮೂರನೇ ನಂಬರು

ಫೆಲಿಸಿ ಬೊಷೆ ಬೆಟ್ಟದ ಮೇಲಿನ ಸ್ಕೀ ಊರಿನಲ್ಲಿ ಮನೆ ಕೊಂಡಳೆಂಬ ಸುದ್ದಿ ಕೆಳಗಿನ ವಿಲಾರೆ ಹಳ್ಳಿಗೆ ಮುಟ್ಟಿದ ದಿನ, ಅವಳ ತಮ್ಮ ಕಾಸಿಮಿರ್ ಅರ್ಧ ಉಂಡ ಮೆಕ್ಕೆಜೋಳದ ಪೊಲೆಂಟಾ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದುಬಿಟ್ಟ. ಸಂಜೆ ಅವಳು ಬಟ್ಟೆಬರೆ ಕಟ್ಟಿಕೊಳ್ಳಲು ಬಂದಾಗ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತ.

"ಅಪ್ಪನ ಹುಲ್ಲು ಕಿತ್ಕೊಂಡೋರ ಹತ್ರಾನೇ ಹೋಗಿ ಬಾಗಿಲು ಕೊಂಡ್ಕೊಂಡಿದೀಯ. ಇನ್ಮೇಲೆ ಈ ಬಾಗಿಲು ನಿಂದಲ್ಲ," ಎಂದ.

ಅವಳು ಅವನನ್ನು ಬಳಸಿಕೊಂಡು ಮೇಲೆ ಹತ್ತಿದಳು. ಎರಡು ಸೂಟ್‌ಕೇಸು, ಹೊಲಿಗೆ ಯಂತ್ರ, ತಾಯಿ ಹೊದೆಯುತ್ತಿದ್ದ ಬಾತಿನ ಗರಿಯ ರಜಾಯಿ, ಇಷ್ಟನ್ನು ಬೇಕರಿಯವನ ವ್ಯಾನಿಗೆ ಹೇರಿ ಹೊರಟಳು. ಆಮೇಲೆ ಹದಿನೈದು ವರ್ಷ ಅಕ್ಕತಮ್ಮಂದಿರ ನಡುವೆ ಒಂದು ಮಾತೂ ಹುಟ್ಟಲಿಲ್ಲ. ಇಬ್ಬರ ಮನೆಗಳ ನಡುವೆ ಇದ್ದದ್ದು ಐದು ಕಿಲೋಮೀಟರ್ ತಿರುವು ರಸ್ತೆ ಮಾತ್ರ.

ಸಿಟ್ಟು ಹಳೆಯದು. ಆರ್ಪನೋವ ಎಂಬ ಆ ಸ್ಕೀ ಊರು ಏಳುವ ಮುಂಚೆ ಅಲ್ಲಿದ್ದದ್ದು ಬೇಸಿಗೆಯ ಹುಲ್ಲುಗಾವಲು. ಬೊಷೆ ಮನೆಯ ಹದಿನೆಂಟು ಹಸುಗಳು ಜೂನಿನಲ್ಲಿ ಮೇಲೆ ಹತ್ತಿ ಸೆಪ್ಟೆಂಬರಿನಲ್ಲಿ ಇಳಿಯುತ್ತಿದ್ದವು. ಫೆಲಿಸಿಗೆ ಹದಿನಾರು ತುಂಬಿದ ವರ್ಷ, ಸಾರ್ವಜನಿಕ ಹಿತಕ್ಕಾಗಿ ಈ ಜಮೀನು ಬೇಕಾಗಿದೆ ಎಂಬ ಕಾಗದ ಬಂತು. ಹಿಂದೆಯೇ ಬುಲ್ಡೋಜರ್ ಬಂತು. ಅವಳ ತಂದೆ ಆ ಕಾಗದವನ್ನು ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡವನು, ಸಾಯುವವರೆಗೂ ಹಳ್ಳಿಯ ಪ್ರಾರ್ಥನಾ ಮಂದಿರದಿಂದ ಮೇಲಕ್ಕೆ ಕಾಲಿಡಲಿಲ್ಲ. ಮೂರು ವರ್ಷದಲ್ಲಿ ಹುಲ್ಲಿನ ಮೇಲೆ ಆರು ಅಂತಸ್ತಿನ ಕಟ್ಟಡಗಳು ನಿಂತವು. ಅದರಲ್ಲೊಂದು ತೆತ್ರಾ. ಕಾಡುಕೋಳಿಯ ಹೆಸರು ಅದು. ಕಟ್ಟಡ ಬಂದ ಮೇಲೆ ಆ ಕೋಳಿಯನ್ನು ಅಲ್ಲಿ ಕಂಡವರಿಲ್ಲ.

ಹಸು ಹೋದ ಮೇಲೆ ಮನೆಯಲ್ಲಿ ಯಾರಾದರೂ ದುಡಿಯಬೇಕಿತ್ತು. ಇಪ್ಪತ್ತನೇ ವಯಸ್ಸಿನಲ್ಲಿ ಫೆಲಿಸಿ ಬಕೆಟ್ಟು ಹಿಡಿದು ಮೇಲೆ ಹೋದಳು. ಇಪ್ಪತ್ತೈದು ಚಳಿಗಾಲ ಶನಿವಾರ ಶನಿವಾರ ಒಂದು ಗುಂಪು ಬಿಟ್ಟುಹೋದ ಮನೆಗಳನ್ನು ಇನ್ನೊಂದು ಗುಂಪು ಬರುವ ಮುಂಚೆ ತೊಳೆದಳು. ಹತ್ತಕ್ಕೆ ಖಾಲಿ, ನಾಲ್ಕಕ್ಕೆ ತಯಾರು. ಒಂದೊಂದು ಮನೆಗೆ ನಲವತ್ತು ನಿಮಿಷ. ಪಾತ್ರೆಗೆ ಹತ್ತಿ ಒಣಗಿದ ಚೀಸು, ಕೂದಲು ಕಟ್ಟಿದ ಮೋರಿ, ಹಾಸಿಗೆಯಡಿ ಮರೆತುಹೋದ ಒದ್ದೆ ಕಾಲುಚೀಲ. ತೆತ್ರಾದ ಮೂವತ್ತಾರು ಮನೆಗಳಲ್ಲಿ ಯಾವ ನಲ್ಲಿ ಸೋರುತ್ತದೆ, ಯಾವ ಕಿಟಕಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವಳಿಗೆ ಕಣ್ಣುಮುಚ್ಚಿದರೂ ಗೊತ್ತಿತ್ತು. ಮಾಲೀಕರೆಲ್ಲ ಲಿಯಾನ್, ಲೀಲ್, ಪ್ಯಾರಿಸ್, ಬ್ರಸೆಲ್ಸ್ ಕಡೆಯವರು. ವರ್ಷಕ್ಕೆ ಎರಡು ವಾರ ಬಂದು ಹೋಗುವವರು. ಎಲ್ಲರ ಬೀಗದ ಕೈಯೂ ಅವಳ ಹತ್ತಿರ. ನಾಳೆ ಬರುತ್ತೇವೆ, ಮನೆ ಬೆಚ್ಚಗಾಗಲು ಬಿಸಿ ಹಾಕಿಡು, ಹಾಲು ತಂದಿಡು ಎಂದು ಫೋನು. ನಮ್ಮ ಫೆಲಿಸಿ ಎಂದು ನೆಂಟರಿಗೆ ತೋರಿಸುತ್ತಿದ್ದರು.

ತಾಯಿ ತೀರಿಕೊಂಡ ಮೇಲೆ ಹಳ್ಳಿಯ ಮನೆ ಕಾಸಿಮಿರನ ಪಾಲಿಗೆ ಹೋಯಿತು. ಫೆಲಿಸಿಗೆ ಕೊಟ್ಟಿಗೆಯ ಮೇಲಿನ ಕೋಣೆ. ಕಾಸಿಮಿರನ ಹೆಂಡತಿ ಒಡೆಟ್ ಆ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಡಬಹುದಲ್ಲ ಎಂದು ಮೂರು ಸಲ, ಅದೂ ಊಟಕ್ಕೆ ಕೂತಾಗಲೇ, ಎತ್ತಿ ಆಡಿದಳು. ಅದೇ ಚಳಿಗಾಲ ತೆತ್ರಾದ ಮೂರನೇ ನಂಬರಿನ ಬೆಲ್ಜಿಯಂ ವಿಧವೆ ಮೇಡಂ ಕ್ವಿಂತನ್, ಮಂಡಿನೋವಿಗೆ ಇನ್ನು ಸ್ಕೀ ಆಗದೆಂದು ಮನೆ ಮಾರಲು ಹೊರಟರು. ನೆಲ ಅಂತಸ್ತು, ಉತ್ತರದ ಕಡೆ ಮುಖ, ಸ್ಕೀ ಇಡುವ ಕೋಣೆಯ ಗೋಡೆಗೆ ಅಂಟಿಕೊಂಡ ಮನೆ. ಒಂದು ಕೋಣೆ, ಕಪಾಟಿನಷ್ಟು ಅಡುಗೆಮನೆ, ಮಂಚದ ಪಕ್ಕದಲ್ಲೇ ಕಿಟಕಿ. ಯಾರಿಗೂ ಬೇಡವಾಗಿದ್ದದ್ದು. ಫೆಲಿಸಿ ಇಪ್ಪತ್ತೈದು ವರ್ಷದ ಉಳಿತಾಯವನ್ನೆಲ್ಲ ಅದಕ್ಕೆ ಸುರಿದಳು. ನೋಟರಿಯ ಕಚೇರಿಯಲ್ಲಿ ಸಹಿ ಹಾಕುವಾಗ ಅಪ್ಪನ ನೆನಪು ಬಂತೇ ಎಂದು ಒಡೆಟ್ ಆಮೇಲೆ ಊರೆಲ್ಲ ಕೇಳಿಕೊಂಡು ತಿರುಗಿದಳು. ಬಂದಿತ್ತು. ಆದರೂ ಸಹಿ ಹಾಕಿದಳು.

ಮುಂದಿನ ಫೆಬ್ರವರಿಯಲ್ಲಿ ಮಾಲೀಕರ ಸಂಘದ ಸಭೆ. ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಫೆಲಿಸಿಯೂ ಕೂತಳು, ಇಸ್ತ್ರಿ ಮಾಡಿದ ನೀಲಿ ಕೋಟು ತೊಟ್ಟು. ಸಂಘದ ಅಧ್ಯಕ್ಷ ಲೀಲ್ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ರಂಬೂರ್ ಎಂಬಾತ. ಐದನೇ ಅಂತಸ್ತಿನ ಐವತ್ತೊಂದನೇ ನಂಬರು ಆತನದು, ಬಿಸಿಲಿನ ಕಡೆಯ ದೊಡ್ಡ ಮನೆ. ಹಾಜರಿ ಹಾಳೆ ಕೈಯಿಂದ ಕೈಗೆ ಬಂತು. ರಂಬೂರ್ ಅದನ್ನು ಫೆಲಿಸಿಯ ಪಕ್ಕದವರಿಂದ ಇಸಿದುಕೊಂಡು, ಅವಳನ್ನು ದಾಟಿಸಿ ಆಚೆಯವರಿಗೆ ಕೊಡಹೋದ. ಅವಳು ಹಾಳೆಯ ಮೇಲೆ ಅಂಗೈ ಊರಿದಳು.

"ಏನು ಫೆಲಿಸಿ, ಯಾರ ಪರವಾಗಿ ಬಂದಿದೀಯ?" ಎಂದು ಆತ ನಗುತ್ತಲೇ ಕೇಳಿದ.

"ನನ್ನ ಪರವಾಗಿ. ಮೂರನೇ ನಂಬರು," ಎಂದಳು ಅವಳು.

ಆತನ ನಗು ಮುಖದ ಮೇಲೆ ಉಳಿಯಿತು, ಕಣ್ಣಿಂದ ಮಾತ್ರ ಹೋಯಿತು. ಆ ದಿನದಿಂದ ಆತ ಅವಳನ್ನು ಮೇಡಂ ಬೊಷೆ ಎಂದು ಬಹುವಚನದಲ್ಲಿ ಕರೆಯತೊಡಗಿದ. ಆ ಮರ್ಯಾದೆ ಬೈಗುಳದ ಹಾಗೆ ಕೇಳುತ್ತಿತ್ತು.

ಬೀಗದ ಕೈಗಳನ್ನು ಮಾತ್ರ ಅವಳ ಹತ್ತಿರವೇ ಬಿಟ್ಟರು. ಸಭೆಯಲ್ಲಿ ಮಾಲೀಕಳಾದರೂ ಫೋನಿನಲ್ಲಿ ಅವಳು ಹಿಂದಿನ ಕೆಲಸದವಳೇ. ಹಾಲು ತಂದಿಡು, ಬಿಸಿ ಹಾಕಿಡು. ವರ್ಷದ ಕೊನೆಗೊಂದು ಚಾಕಲೇಟ್ ಡಬ್ಬಿ. ಅವಳಿಗೆ ಚಾಕಲೇಟ್ ಸೇರುತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಆದರೂ ಎಷ್ಟೋ ವರ್ಷ ಮಾಡಿದಳು. ಮಾಡುತ್ತ ಮಾಡುತ್ತ ಒಳಗೆ ಹುಳಿ ಏರುತ್ತಿತ್ತು.

ತೆತ್ರಾದಲ್ಲಿ ವರ್ಷವಿಡೀ ಬದುಕುವವಳು ಅವಳೊಬ್ಬಳೇ. ಈಸ್ಟರ್ ಮುಗಿದು, ಸ್ಕೀಯವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟುಗಳು ನಿಂತರೆ ಕಟ್ಟಡ ಖಾಲಿ. ಮೂವತ್ತೈದು ಬಾಗಿಲು ಮುಚ್ಚಿದ ಕಟ್ಟಡದಲ್ಲಿ ಒಂದು ಕಿಟಕಿಗೆ ದೀಪ. ಇದೇ ಉಳಿದವರ ಕಣ್ಣು ಕುಕ್ಕಿತು. ಒಬ್ಬಳಿಗಾಗಿ ಇಡೀ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಏಕೆ ಉರಿಯಬೇಕು ಎಂದು ರಂಬೂರ್ ಸಭೆಯಲ್ಲಿ ಕೇಳಿದ. ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಬಿಸಿ ತೆಗೆದುಬಿಡುವುದು, ನೀರಿನ ಪೈಪು ಹೆಪ್ಪುಗಟ್ಟದಷ್ಟು ಮಾತ್ರ ಇಡುವುದು ಎಂದು ಗೊತ್ತುವಳಿ ಬಂತು. ಅಕ್ಟೋಬರಿನಲ್ಲೇ ಇಲ್ಲಿ ಹಿಮ ಬೀಳುತ್ತದೆ, ಚಳಿಯಲ್ಲಿ ಹೇಗಿರಲಿ ಎಂದು ಅವಳು ಎದ್ದು ನಿಂತು ಕೇಳಿದಳು.

"ಇದು ರಜೆ ಕಳೆಯೋ ಕಟ್ಟಡ, ಮೇಡಂ ಬೊಷೆ. ಬದುಕೋಕೆ ಅಲ್ಲ. ಬದುಕೋಕೆ ಕೆಳಗೆ ಹಳ್ಳಿ ಇದೆಯಲ್ಲ," ಎಂದ ರಂಬೂರ್.

ಕೈ ಎತ್ತಿದವರೆಲ್ಲ ಆತನ ಕಡೆಗೇ ಎತ್ತಿದರು. ಮನೆಯ ಅಳತೆಗೆ ತಕ್ಕಂತೆ ಹಂಚಿದ ಸಾವಿರ ಮತದಲ್ಲಿ ಅವಳ ಪಾಲು ಹನ್ನೊಂದು. ಹಳ್ಳಿಯ ಬಾಗಿಲು ಅವಳಿಗೆ ಮುಚ್ಚಿದ್ದು ಈ ಕಟ್ಟಡದಿಂದಲೇ ಎಂಬುದನ್ನು ಆ ಜನಕ್ಕೆ ಹೇಳುವ ಮಾತೇ ಇರಲಿಲ್ಲ. ಅವಳೊಂದು ಚಿಕ್ಕ ವಿದ್ಯುತ್ ಹೀಟರ್ ಕೊಂಡಳು. ಅಕ್ಟೋಬರಿನಲ್ಲಿ ಎರಡು ಉಣ್ಣೆಯ ಅಂಗಿ ತೊಟ್ಟು, ತಾಯಿಯ ರಜಾಯಿ ಹೊದ್ದು ಕೂತು ಹೊಲಿಗೆ ಹಾಕಿದಳು.

ಮತ್ತೊಂದು ಫೆಬ್ರವರಿಯ ಸಭೆಯಲ್ಲಿ ಅವಳ ಕಿಟಕಿಯ ಹೊರಗಿನ ಬಟ್ಟೆ ಚರ್ಚೆಗೆ ಬಂತು. ಒಗೆದು ಹರವಿದ ಬಟ್ಟೆ ಸ್ಕೀ ಮಾಡಿಕೊಂಡು ಇಳಿಯುವವರ ಕಣ್ಣಿಗೆ ಬೀಳುತ್ತದೆ, ಕಟ್ಟಡದ ಘನತೆ ಹೋಗುತ್ತದೆ ಎಂದು ಮೂರನೇ ಅಂತಸ್ತಿನ ಮೇಡಂ ಲಪ್ಲಾಸ್ ಹೇಳಿದಳು. ಫೆಲಿಸಿ ಇಪ್ಪತ್ತು ವರ್ಷ ಆಕೆಯ ಹಾಸಿಗೆ ಬಟ್ಟೆ ಒಗೆದಿದ್ದಳು. ಆ ಹಾಸಿಗೆಗಳ ಮೇಲೆ ಏನೇನು ಇರುತ್ತಿತ್ತೆಂದು ಈ ಸಭೆಯಲ್ಲಿ ಹೇಳಬಹುದಿತ್ತು. ಅದರ ಬದಲು ಮನೆಗೆ ಹೋಗಿ, ಬೀಗದ ಕೈಗಳನ್ನು ನೇತುಹಾಕಿದ್ದ ಹಲಗೆಯನ್ನೇ ಗೋಡೆಯಿಂದ ಕಿತ್ತು ತಂದು ರಂಬೂರನ ಮುಂದಿನ ಮೇಜಿನ ಮೇಲೆ ಬೋರಲು ಹಾಕಿದಳು. ಬೀಗದ ಕೈಗಳು ಮೇಜಿನಿಂದ ಜಾರಿ ನೆಲದ ಮೇಲೆಲ್ಲ ಚೆಲ್ಲಿದವು.

"ತಗೊಳ್ಳಿ. ಇನ್ಮೇಲೆ ನಿಮ್ಮ ನಿಮ್ಮ ಬಿಸಿ ನೀವೇ ಹಾಕ್ಕೊಳ್ಳಿ," ಎಂದು ಹೊರಟುಹೋದಳು.

ಹದಿನೈದು ದಿನಕ್ಕೆ ರಿಜಿಸ್ಟರ್ಡ್ ಪತ್ರ ಬಂತು. ಮೂರನೇ ನಂಬರಿನ ಮಾಲೀಕರು ಇನ್ನು ಮುಂದೆ ಬಾಯ್ಲರ್ ಕೋಣೆಗಾಗಲಿ ನೀರಿನ ಕೋಣೆಗಾಗಲಿ ಕಾಲಿಡಕೂಡದು, ಬೀಗ ಬದಲಾಯಿಸಲಾಗಿದೆ, ಯಾವುದನ್ನಾದರೂ ಮುಟ್ಟಿದರೆ ಕಾನೂನು ಕ್ರಮ ಎಂದು ಬರೆದಿತ್ತು. ಕೆಳಗೆ ರಂಬೂರನ ಸಹಿ. ಫೆಲಿಸಿ ಪತ್ರವನ್ನು ಎರಡು ಸಲ ಓದಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು.

ಆ ವರ್ಷ ನವೆಂಬರ್ ಮೊದಲಿನ ಸಂತರ ಹಬ್ಬದ ರಜೆಗೆ ರಂಬೂರ್ ಒಬ್ಬನೇ ಬಂದು ನಾಲ್ಕು ದಿನ ಇದ್ದುಹೋದ. ಹೊರಡುವ ಬೆಳಗ್ಗೆ ಬಾಯ್ಲರ್ ಇದ್ದ ನೆಲಮಾಳಿಗೆಯ ಬಾಗಿಲಿಂದ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಹೊರಬಂದದ್ದನ್ನು ಫೆಲಿಸಿ ಕಿಟಕಿಯಿಂದ ನೋಡಿದಳು. ಮಧ್ಯಾಹ್ನ, ಬಾಯ್ಲರಿನ ಬಿಸಿ ಬರುವ ಗೋಡೆಯ ರೇಡಿಯೇಟರ್ ಮೇಲೆ ಕೈಯಿಟ್ಟಳು. ಸಾಮಾನ್ಯವಾಗಿ ಇರುತ್ತಿದ್ದ ಉಗುರು ಬೆಚ್ಚಗೂ ಇರಲಿಲ್ಲ. ಕಲ್ಲಿನ ಹಾಗೆ ತಣ್ಣಗಿತ್ತು. ಕಣಿವೆಯಲ್ಲಿದ್ದ, ಕಟ್ಟಡ ನೋಡಿಕೊಳ್ಳುವ ಏಜೆನ್ಸಿಗೆ ಫೋನು ಮಾಡಿದಳು. ಯಂತ್ರ ತಾನಾಗಿಯೇ ನೋಡಿಕೊಳ್ಳುತ್ತದೆ ಎಂದು ಹುಡುಗಿಯೊಬ್ಬಳು ಹೇಳಿದಳು. ರಂಬೂರನಿಗೂ ಮಾಡಿದಳು. ನೀವು ಯಾವಾಗಿಂದ ಬಾಯ್ಲರ್ ತಜ್ಞೆಯಾದಿರಿ ಎಂದು ಆತ ಕೇಳಿ ಫೋನಿಟ್ಟ.

ನವೆಂಬರ್ ಹನ್ನೊಂದು, ಯುದ್ಧದಲ್ಲಿ ಸತ್ತವರ ದಿನ, ಆ ವರ್ಷ ಶುಕ್ರವಾರ ಬಿದ್ದಿತ್ತು. ಕಚೇರಿಗಳಿಗೆಲ್ಲ ಮೂರು ದಿನ ರಜೆ. ಆ ವಾರ ಹಿಮವಿಲ್ಲದ ಒಣ ಚಳಿ ಹಿಡಿಯಿತು. ಕಟ್ಟಡದ ಮುಂದಿನ ಕೊಚ್ಚೆಯೂ ಗಾಜಾಗಿತ್ತು. ಶನಿವಾರ ಬೆಳಗ್ಗೆ ಇದ್ದಕ್ಕಿದ್ದ ಹಾಗೆ ದಕ್ಷಿಣದಿಂದ ಬೆಚ್ಚನೆ ಗಾಳಿ ಎದ್ದು, ಬಿಸಿಲು ಕಟ್ಟಡದ ಮುಂಬದಿಗೆ ಬಡಿಯಿತು. ಒಂಬತ್ತರ ಸುಮಾರಿಗೆ ಫೆಲಿಸಿ ಕಾಫಿಗೆ ಬ್ರೆಡ್ ಅದ್ದುತ್ತಿದ್ದಳು. ಮೇಲೆ ಎಲ್ಲೋ ಯಾರೋ ಸ್ನಾನದ ತೊಟ್ಟಿ ತುಂಬಿಸುತ್ತಿರುವ ಹಾಗೆ ಸದ್ದು ಕೇಳಿತು.

ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅವಳಿಗೆ ತಕ್ಷಣ ತಿಳಿಯಿತು. ಹೆಪ್ಪುಗಟ್ಟಿ ಒಡೆದ ಪೈಪು ಈಗ ಕರಗಿ ಬಾಯಿ ಬಿಟ್ಟಿದೆ. ಬಟ್ಟಲನ್ನು ಕೆಳಗಿಡದೆ ಕಾಫಿ ಪೂರ್ತಿ ಕುಡಿದಳು. ಆಮೇಲೆ ಮೆಟ್ಟಿಲು ಹತ್ತಿದಳು. ಮೂರನೇ ಅಂತಸ್ತಿನಲ್ಲಿ ಕಾರ್ಪೆಟ್ ಒದ್ದೆ. ನಾಲ್ಕರಲ್ಲಿ ಗೋಡೆಯ ಕಾಗದ ಸುಲಿದು ಜೋತುಬಿದ್ದಿತ್ತು. ಐದರಲ್ಲಿ ಐವತ್ತೊಂದರ ಬಾಗಿಲಡಿಯಿಂದ ನೀರು ನಾಲಿಗೆ ಚಾಚಿದ ಹಾಗೆ ಹೊರಬರುತ್ತಿತ್ತು. ಹತ್ತಿಪ್ಪತ್ತು ವರ್ಷ ಅವಳು ಸಾಬೂನು ಹಚ್ಚಿ ಉಜ್ಜಿದ ಹೊಸ್ತಿಲು ಅದು. ಅಲ್ಲಿ ನಿಂತಾಗ ಅವಳಿಗೆ ಆದದ್ದು ಹೆದರಿಕೆಯಲ್ಲ, ಸಂತೋಷ. ಬೆಚ್ಚನೆಯ, ಕೆಟ್ಟ ಸಂತೋಷ. ಅದನ್ನು ಅವಳು ತನ್ನಿಂದ ತಾನೇ ಮುಚ್ಚಿಡಲಿಲ್ಲ.

ಕೆಳಗಿಳಿದು ಲೀಲ್‌ಗೆ ಫೋನು ಮಾಡಿದಳು. ನಿಮ್ಮ ಮನೆಯ ಪೈಪು ಒಡೆದಿದೆ, ನೀರು ಮೆಟ್ಟಿಲಿಗೆ ಬಂದಿದೆ ಎಂದಳು. ರಂಬೂರನಿಗೆ ನಂಬಿಕೆಯಾಗಲಿಲ್ಲ. ಬೀಗ ಬದಲಾಯಿಸಿದ ಸಿಟ್ಟಿಗೆ ಹೆದರಿಸುತ್ತಿದ್ದಾಳೆಂದೇ ತಿಳಿದ.

"ಬಾಗಿಲು ಒಡೀಬೇಡಿ. ನೆಲಮಾಳಿಗೆಗೆ ಇಳೀಬೇಡಿ. ಏನನ್ನೂ ಮುಟ್ಟಬೇಡಿ. ನಿಮಗೆ ಆ ಅಧಿಕಾರ ಇಲ್ಲ. ಸೋಮವಾರ ಏಜೆನ್ಸಿಯವರಿಗೆ ನಾನೇ ಹೇಳ್ತೀನಿ," ಎಂದ.

"ಸರಿ. ಮುಟ್ಟಲ್ಲ," ಎಂದಳು ಅವಳು.

ನಿಜಕ್ಕೂ ಮುಟ್ಟಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಳು. ಮೇಲೆ ಮೊದಲು ತೊಟತೊಟ, ಆಮೇಲೆ ಧಾರೆ. ಹತ್ತೂವರೆಗೆ ಮೂರನೇ ಅಂತಸ್ತಿನಲ್ಲಿ ಯಾವುದೋ ಚಾವಣಿ ಕುಸಿದು ಬಿದ್ದು ಇಡೀ ಗೋಡೆ ಅದುರಿತು. ಲಪ್ಲಾಸ್ ಮೇಡಂನ ಬಿಳಿ ಸೋಫಾ ನೆನಪಾಯಿತು. ನೆನೆದರೂ ನೆನೆಯಲಿ, ಮುಳುಗಿದರೂ ಮುಳುಗಲಿ ಎಂದುಕೊಂಡಳು. ಹನ್ನೊಂದು ಮುಕ್ಕಾಲಿಗೆ ಅವಳ ಸ್ವಂತ ಅಡುಗೆಮನೆಯ ಸೂರಿನಲ್ಲಿ ಚಹಾ ಬಣ್ಣದ ಕಲೆ ಮೂಡಿತು. ನೋಡುತ್ತಿದ್ದಂತೆಯೇ ಅದು ತಟ್ಟೆಯಗಲವಾಗಿ, ನಡುವಿನಿಂದ ಒಂದು ಹನಿ ಒಲೆಯ ಮೇಲೆ ಬಿತ್ತು.

ಆಗ ಎದ್ದಳು. ರಸ್ತೆಯ ಬದಿಯ ಗುಂಡಿಯಲ್ಲಿದ್ದ ಮುಖ್ಯ ನಲ್ಲಿಯನ್ನು ನಿಲ್ಲಿಸಬಲ್ಲವನು ಪುರಸಭೆಯ ನೀರಿನವನೊಬ್ಬನೇ. ನೀರಿನವನು ಅವಳ ತಮ್ಮ ಕಾಸಿಮಿರ್.

ಹಳ್ಳಿ ಮನೆಯ ನಂಬರು ಬೆರಳಿಗೆ ಮರೆತಿರಲಿಲ್ಲ. ಒಡೆಟ್ ಎತ್ತಿದಳು. ಧ್ವನಿ ಗುರುತು ಹಿಡಿದು ಗಂಡನನ್ನು ಕೂಗಿದಳು. ಆಮೇಲೆ ರಿಸೀವರನ್ನು ಎಲ್ಲೋ ಕುಕ್ಕಿ ಇಟ್ಟ ಸದ್ದು. ಕಾಸಿಮಿರ್ ಬಂದು ಹಲೋ ಎನ್ನಲಿಲ್ಲ, ಉಸಿರು ಮಾತ್ರ ಕೇಳಿತು. ತೆತ್ರಾದಲ್ಲಿ ನೀರು ಒಡೆದಿದೆ, ಬಾ ಎಂದಳು. ಅವನು ಫೋನಿಟ್ಟ. ಬರುತ್ತಾನೋ ಇಲ್ಲವೋ ತಿಳಿಯದೆ ಅವಳು ಅಂಗಳದಲ್ಲಿ ನಿಂತು ಕಾದಳು. ಇಪ್ಪತ್ತು ನಿಮಿಷಕ್ಕೆ ಪುರಸಭೆಯ ಬಿಳಿ ವ್ಯಾನು ತಿರುವಿನಲ್ಲಿ ಕಂಡಿತು.

ತಮ್ಮನಿಗೆ ಕೂದಲು ಬೆಳ್ಳಗಾಗಿತ್ತು. ಅಪ್ಪನ ಹಾಗೆಯೇ ಒಂದು ಭುಜ ಇಳಿಬಿಟ್ಟು ನಡೆಯುತ್ತಿದ್ದ. ಮೊಳಗಟ್ಟಲೆ ಉದ್ದದ ಕಬ್ಬಿಣದ ಚಾವಿಯನ್ನು ವ್ಯಾನಿನಿಂದ ಇಳಿಸಿ, ಗುಂಡಿಯ ಮುಚ್ಚಳ ಎತ್ತಿ ಪಕ್ಕಕ್ಕೆ ಉರುಳಿಸಿದ. ಚಾವಿಯನ್ನು ಒಳಗೆ ಇಳಿಸಿ ನಲ್ಲಿಯ ತಲೆಗೆ ಕೂರಿಸಿದ. ಅಷ್ಟಕ್ಕೆ ನಿಲ್ಲಿಸಿ ಅದರ ಮೇಲೆ ಮೊಣಕೈ ಊರಿ ಕಟ್ಟಡ ನೋಡಿದ. ಆ ಹೊತ್ತಿಗೆ ಮುಂಬಾಗಿಲಿಂದಲೂ ನೀರು ಹೊರಬಂದು ಮೂರು ಮೆಟ್ಟಿಲು ಇಳಿದು, ರಸ್ತೆ ದಾಟಿ ಹುಲ್ಲಿಗೆ ಹರಿಯುತ್ತಿತ್ತು.

"ಹರೀಲಿ ಬಿಡು. ಅಪ್ಪನ ಹುಲ್ಲಿಗೆ ನಲವತ್ತು ವರ್ಷ ಆದ್ಮೇಲೆ ನೀರು ಬಿಟ್ಟಿದಾರೆ," ಎಂದ.

"ಕಾಸಿಮಿರ್, ತಿರುಗಿಸು."

"ಯಾರ ಅಪ್ಪಣೆ?"

"ಅಪ್ಪಣೆ ಏನ್ ಬೇಕು? ಕಣ್ಣಿಗೆ ಕಾಣ್ತಿಲ್ವಾ?"

ಅವನು ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದ. ಖಾಸಗಿ ಕಟ್ಟಡದ ನೀರು ನಿಲ್ಲಿಸಬೇಕಾದರೆ ಕಟ್ಟಡದ ಮಾಲೀಕರೊಬ್ಬರು ಕೇಳಿಕೊಂಡು ಸಹಿ ಹಾಕಬೇಕು, ಅದು ಪುರಸಭೆಯ ನಿಯಮ. ನಿಯಮ ಇದ್ದದ್ದು ನಿಜ. ಅವನು ಬೇರೆಲ್ಲೂ ಅದನ್ನು ಲೆಕ್ಕಕ್ಕಿಟ್ಟವನಲ್ಲ ಎಂಬುದೂ ನಿಜ.

"ಕೆಲಸದೋಳ ಸಹಿ ನಡೆಯಲ್ಲ. ಮಾಲೀಕರು ಯಾರಾದ್ರೂ ಇದ್ರೆ ಕರಿ," ಎಂದ.

ಅವಳ ಮುಖಕ್ಕೆ ರಕ್ತ ಏರಿತು. ಅವನಿಗೆ ಬೇಕಾದದ್ದು ಏನೆಂದು ಗೊತ್ತಾಯಿತು. ಹಿಂದೆ ಹಳ್ಳಿ ಮನೆಯ ಮೆಟ್ಟಿಲ ಬುಡದಲ್ಲಿ ಅವಳು ನುಂಗಿಕೊಂಡು ಬಂದಿದ್ದ ಮಾತನ್ನು ಅವನೀಗ ಅವಳ ಬಾಯಿಂದಲೇ ಹೊರಡಿಸಬೇಕೆಂದಿದ್ದ. ಹಿಂದೆ ಕಟ್ಟಡದೊಳಗೆ ಮತ್ತೇನೋ ಕುಸಿಯಿತು.

"ನಾನು ಮಾಲೀಕಳು," ಎಂದಳು.

"ಏನಂದೆ? ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ."

"ನಾನು ಇದರ ಮಾಲೀಕಳು ಕಣೋ. ಮೂರನೇ ನಂಬರು ನಂದು. ಕೊಡು ಇಲ್ಲಿ."

ಕಾಗದ ಕಿತ್ತುಕೊಂಡು ವ್ಯಾನಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದಳು. ಒತ್ತಿ ಬರೆದ ರಭಸಕ್ಕೆ ಪೆನ್ನು ಕಾಗದವನ್ನು ತೂತು ಮಾಡಿತು. ಕಾಸಿಮಿರ್ ಆ ಸಹಿಯನ್ನು ಬಹಳ ಹೊತ್ತು ನೋಡಿದ. ಬೊಷೆ ಎಂಬುದನ್ನು ಅಪ್ಪ ಬರೆಯುತ್ತಿದ್ದ ಹಾಗೆಯೇ, ಕೊನೆಯ ಅಕ್ಷರದ ಬಾಲ ಎಳೆದು ಬರೆದಿದ್ದಳು. ಆಮೇಲೆ ಚಾವಿಗೆ ಮೈಭಾರ ಹಾಕಿದ. ತುಕ್ಕು ಹಿಡಿದ ನಲ್ಲಿ ಕಿರುಗುಟ್ಟುತ್ತ ತಿರುಗಿತು. ಸ್ವಲ್ಪ ಹೊತ್ತಿಗೆ ಒಳಗಿನ ಸದ್ದು ಸಣ್ಣಗಾಗಿ, ತೊಟ್ಟಿಕ್ಕುವುದು ಮಾತ್ರ ಉಳಿಯಿತು.

ಅವನು ಹೋಗುತ್ತಾನೆಂದುಕೊಂಡರೆ ಹೋಗಲಿಲ್ಲ. ಅವಳ ಹಿಂದೆಯೇ ಬಂದು ಮೂರನೇ ನಂಬರಿನ ಬಾಗಿಲಲ್ಲಿ ನಿಂತ. ಪಾದ ಮುಳುಗುವಷ್ಟು ನೀರು, ಅದರಲ್ಲಿ ತೇಲುತ್ತಿದ್ದ ದಾರದ ಉಂಡೆಗಳು, ಮಂಚದ ಮೇಲೆ ಎತ್ತಿಟ್ಟ ಹೊಲಿಗೆ ಯಂತ್ರ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅವನ ಕಣ್ಣು ಹೋಗಿ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇಷ್ಟೇನಾ?" ಎಂದ. ಸ್ವಲ್ಪ ತಡೆದು, "ಇಷ್ಟಕ್ಕಾ?" ಎಂದ.

ಅದರಲ್ಲಿ ತಮಾಷೆ ಇರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ತಮ್ಮ ಒಂದು ಕೈ ಬಕೆಟ್ಟಿಗೆ ಚಾಚಿದ್ದರೆ ಅವಳು ಕೊಡುತ್ತಿದ್ದಳೋ ಏನೋ. ಅವನು ಚಾಚಲಿಲ್ಲ.

"ಬಾಗಿಲು ಎಳ್ಕೊಂಡು ಹೋಗು," ಎಂದಳು.

ಅವನು ಬಾಗಿಲು ಎಳೆದುಕೊಂಡು ಹೋದ.

ಸಂಜೆಯವರೆಗೆ ಅವಳು ತನ್ನ ಮನೆಯ ನೀರನ್ನು ಬಾಚಿ ಹೊರಗೆ ಹಾಕಿದಳು. ಹಾಲಿನ ಅಂಗಡಿಯವಳು ಎರಡು ಫ್ಯಾನು ಕೊಟ್ಟಳು. ಕಾರಿಡಾರಿನಲ್ಲಿ, ಮೆಟ್ಟಿಲಿನಲ್ಲಿ ನಿಂತ ನೀರಿಗೆ ಫೆಲಿಸಿ ಪೊರಕೆ ತಾಗಿಸಲಿಲ್ಲ. ಹೊಸ್ತಿಲವರೆಗೆ ಒರೆಸಿ, ಬಟ್ಟೆ ಹಿಂಡಿ ಒಣಹಾಕಿದಳು. ಸೋಮವಾರ ಬಂದ ಏಜೆನ್ಸಿಯವರು ಆ ಗೆರೆಯನ್ನು ನೋಡಿ ಫೋಟೋ ತೆಗೆದುಕೊಂಡರು. ಒಳಗೆ ಒಣಗಿದ ನೆಲ, ಹೊರಗೆ ಕೆರೆ.

ಫೆಬ್ರವರಿಯ ಸಭೆಗೆ ಯಾವತ್ತೂ ಬಾರದ ಮಾಲೀಕರೂ ಬಂದಿದ್ದರು. ಹತ್ತೊಂಬತ್ತು ಮನೆಗಳು ಆ ಚಳಿಗಾಲ ಬಳಕೆಗೆ ಬಾರದೆ ಹೋಗಿದ್ದವು. ರಂಬೂರ್ ಮೊದಲ ಮಾತಿಗೇ ಮೂರನೇ ನಂಬರನ್ನು ಎತ್ತಿಕೊಂಡ. ಸಂಘದ ಅನುಮತಿಯಿಲ್ಲದೆ ಇಡೀ ಕಟ್ಟಡದ ಪರವಾಗಿ ಸಹಿ ಹಾಕಿದ್ದು ಅಪರಾಧ ಎಂದ. ಅದೂ ತಡವಾಗಿ ಹಾಕಿದ್ದು ಇನ್ನೂ ದೊಡ್ಡ ಅಪರಾಧ ಎಂದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಆಮೇಲೆ ವಿಮೆ ಕಂಪನಿ ಕಳಿಸಿದ್ದ ಪರಿಶೀಲಕಿ ಎದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಶೀತವಾಗಿ ಮೂಗು ಕೆಂಪಾಗಿತ್ತು. ಬಾಯ್ಲರ್ ಕೆಟ್ಟಿರಲಿಲ್ಲ, ಅದರ ಗುಂಡಿಯನ್ನು ಕೈಯಿಂದ ಸೊನ್ನೆಗೆ ತಿರುಗಿಸಲಾಗಿತ್ತು ಎಂದು ವರದಿ ಓದಿದಳು. ಬದಲಾಯಿಸಿದ ಬೀಗದ ಕೈ ಯಾರ ಯಾರ ಬಳಿ ಇದೆ ಎಂದು ಕೇಳಿದಳು. ಒಂದು ಏಜೆನ್ಸಿಯಲ್ಲಿ, ಒಂದು ಅಧ್ಯಕ್ಷರಲ್ಲಿ.

ಫೆಲಿಸಿ ಎದ್ದು ನಿಂತಳು.

"ಸಂತರ ಹಬ್ಬದ ರಜೆ ಮುಗಿದ ದಿನ ಬೆಳಗ್ಗೆ ನೀವು ನೆಲಮಾಳಿಗೆಯಿಂದ ಬಂದ್ರಿ. ಕರವಸ್ತ್ರದಲ್ಲಿ ಕೈ ಒರೆಸ್ಕೋತಿದ್ರಿ. ಮಧ್ಯಾಹ್ನಕ್ಕೆ ರೇಡಿಯೇಟರ್ ತಣ್ಣಗಾಗಿತ್ತು. ನಾನು ಫೋನ್ ಮಾಡ್ದೆ. ನೀವು ಬೈದ್ರಿ."

ಡ್ರಾಯರಿನ ಪತ್ರವನ್ನೂ ತಂದಿದ್ದಳು, ಓದಿದಳು. ರಂಬೂರನ ಕಿವಿ ಕೆಂಪಗಾಯಿತು. ಕಟ್ಟಡದ ಒಳ್ಳೆಯದಕ್ಕೇ ಮಾಡಿದ್ದು, ಯಾರೂ ಇಲ್ಲದ ಕಡೆ ಎಣ್ಣೆ ಸುಡುವುದೇಕೆ ಎಂದ. ಯಾರೂ ಇಲ್ಲದ ಕಡೆ ಎಂದದ್ದು ಅವಳ ಮುಂದೆಯೇ. ಸಭೆ ಗದ್ದಲವಾಯಿತು. ಆ ಗದ್ದಲದ ನಡುವೆ ಲಪ್ಲಾಸ್ ಮೇಡಂ ಎದ್ದು ಬೆರಳು ತೋರಿಸಿದಳು.

"ಅದೆಲ್ಲ ಇರ್ಲಿ. ಒಂಬತ್ತಕ್ಕೇ ನಿಮಗೆ ಸದ್ದು ಕೇಳಿಸಿದೆ. ನೀರಿನವರನ್ನ ಕರೆದದ್ದು ಮಧ್ಯಾಹ್ನ. ಮೂರು ಗಂಟೆ ಏನು ಮಾಡ್ತಿದ್ರಿ?"

ಮುಟ್ಟಬೇಡ ಎಂದಿದ್ದರು ಎನ್ನಬಹುದಿತ್ತು. ಪತ್ರ ಕೈಯಲ್ಲೇ ಇತ್ತು. ವಿಮೆಯವಳೂ ಅದನ್ನೇ ಬರೆದುಕೊಳ್ಳಲು ಪೆನ್ನು ಹಿಡಿದಿದ್ದಳು. ಫೆಲಿಸಿ ಪತ್ರವನ್ನು ಮಡಿಸಿದಳು.

"ಕೂತಿದ್ದೆ. ನಿಮ್ಮ ಮನೆಗಳಲ್ಲಿ ನೀರು ಸುರಿಯೋದನ್ನ ಕೇಳ್ತಾ ಕೂತಿದ್ದೆ. ನನ್ನ ಮನೆಗೆ ಬಂದಾಗ ಎದ್ದೆ."

ಎಲ್ಲರೂ ಅವಳ ಕಡೆ ತಿರುಗಿದರು. ಅಷ್ಟು ಜನ ತನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು ಎಂದು ಅವಳಿಗೆ ಅನಿಸಿತು. ಕಣ್ಣುಗಳಲ್ಲಿ ದ್ವೇಷವಿತ್ತು. ಅವಳಿಗೆ ಅದು ಚಾಕಲೇಟ್ ಡಬ್ಬಿಗಿಂತ ವಾಸಿ ಎನಿಸಿತು. ಕೂತು ಕೋಟಿನ ಮಡಿಕೆ ಸರಿಮಾಡಿಕೊಂಡಳು.

ರಂಬೂರನನ್ನು ಅಧ್ಯಕ್ಷಗಿರಿಯಿಂದ ಇಳಿಸಿದರು. ಅವಳಿಗೆ ನ್ಯಾಯ ಕೊಡಲು ಅಲ್ಲ, ವಿಮೆಯವರು ಪೂರ್ತಿ ಪರಿಹಾರ ಕೊಡಲು ಒಪ್ಪದಿದ್ದದ್ದಕ್ಕೆ. ಇನ್ನು ವರ್ಷವಿಡೀ ಬಾಯ್ಲರ್ ನಡೆಯಲೇಬೇಕು ಎಂಬ ಷರತ್ತು ವಿಮೆಯಿಂದಲೇ ಬಂತು. ಸಭೆಯ ನಡಾವಳಿಯಲ್ಲಿ ಫೆಲಿಸಿಯ ಮಾತನ್ನು ಅಕ್ಷರ ಬಿಡದೆ ದಾಖಲಿಸಿದರು. ಮೊಕದ್ದಮೆ ಹೂಡಲು ಹೊರಟು, ವಕೀಲರು ಬೇಡವೆಂದ ಮೇಲೆ ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ ಅವಳಿಗೆ ನಮಸ್ಕಾರ ಹೇಳುವುದನ್ನೂ ಬಿಟ್ಟರು. ಎರಡು ವರ್ಷಕ್ಕೆ ರಂಬೂರ್ ಐವತ್ತೊಂದನ್ನು ಮಾರಿದ. ಮಾರುವ ದಿನ ಪೆಟ್ಟಿಗೆಗಳನ್ನು ಇಳಿಸುತ್ತ ಅವಳ ಬಾಗಿಲ ಮುಂದೆ ನಾಲ್ಕು ಸಲ ಹೋದ. ಅವಳು ಬಾಗಿಲು ತೆರೆದಿಟ್ಟು ಒಳಗೆ ಹೊಲಿಯುತ್ತ ಕೂತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ.

ಕಾಸಿಮಿರನೂ ಮತ್ತೆ ಮೇಲೆ ಬರಲಿಲ್ಲ. ಹಳ್ಳಿಯ ಸಂತೆಯಲ್ಲಿ ಸಾಸೇಜಿನ ಅಂಗಡಿಯ ಮುಂದೆ ಒಮ್ಮೆ ಎದುರುಬದುರಾದರು. "ಏನ್ ಮಾಲೀಕಮ್ಮ, ಕಾಲು ಒಣಗಿತಾ?" ಎಂದ ಅವನು, ನಾಲ್ಕು ಜನ ಕೇಳುವ ಹಾಗೆ. ಒಣಗಿತು, ನಿನ್ನ ನಾಲಿಗೆಯೂ ಒಣಗಲಿ ಎಂದು ಅವಳು ಅಂದಳಂತೆ. ಮಾತಾಡಿದರಲ್ಲ ಎಂದು ಒಡೆಟ್‌ಗೆ ಅದೇ ಹೊಟ್ಟೆಯುರಿ.

ಅವಳಿಗೀಗ ಎಪ್ಪತ್ತು ದಾಟಿದೆ. ಏಪ್ರಿಲ್ ಕೊನೆಯ ಶನಿವಾರ ಲಿಫ್ಟುಗಳು ನಿಂತು, ಕೊನೆಯ ಕಾರು ಚಾವಣಿಯ ಮೇಲೆ ಸ್ಕೀ ಕಟ್ಟಿಕೊಂಡು ತಿರುವಿನಲ್ಲಿ ಇಳಿದುಹೋಗುವವರೆಗೆ ಫೆಲಿಸಿ ಕಿಟಕಿಯಲ್ಲಿ ನಿಂತಿರುತ್ತಾಳೆ. ಆಮೇಲೆ ಕುರ್ಚಿಯೊಂದನ್ನು ಎತ್ತಿಕೊಂಡು ಕಾರು ನಿಲ್ಲಿಸುವ ಬಯಲಿಗೆ ಬರುತ್ತಾಳೆ. ಅವಳ ಮನೆ ಉತ್ತರಕ್ಕಿದೆ, ಬಿಸಿಲು ಬೀಳುವುದು ಅಲ್ಲಿ. ಬಿಳಿ ಬಣ್ಣದಲ್ಲಿ ಐವತ್ತೊಂದು ಎಂದು ಬರೆದ, ಹಿಂದೆ ರಂಬೂರನ ಕಾರು ನಿಲ್ಲುತ್ತಿದ್ದ ಜಾಗದ ನಟ್ಟನಡುವೆ ಕುರ್ಚಿ ಹಾಕಿ, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಆಲೂಗಡ್ಡೆ ಸುಲಿಯುತ್ತಾಳೆ. ಸಿಪ್ಪೆಯನ್ನು ಅಲ್ಲೇ ಬೀಳಿಸುತ್ತಾಳೆ. ಮಾಲೀಕರು ಡಿಸೆಂಬರಿಗೆ ಬರುವವರೆಗೆ ಗುಡಿಸುವುದಿಲ್ಲ.